ವೈದ್ಯರಿಂದ ಮುಚ್ಚಿಟ್ಟ ಬಾಟಲಿ

ಭದ್ರಾವತಿಯ ನನ್ನ ಭಾವಮೈದುನನಿಗೆ ರಕ್ತದ ಕ್ಯಾನ್ಸರ್. ಇಮಾಟಿನಿಬ್ ಮಾತ್ರೆ ನಡೆಯುತ್ತಿದೆ. ಹೋದ ತಿಂಗಳು ಗೋಪಾಳದ ನಮ್ಮ ಮನೆಗೆ ಬಂದಾಗ ಅವನ ಚೀಲದಿಂದ ತೊಗಟೆ ಕಷಾಯದ ಬಾಟಲಿ, ಭಸ್ಮದ ಪೊಟ್ಟಣ (ವಿಭೂತಿಯಲ್ಲ, ಲೋಹದ್ದು) ಹೊರಬಂದವು. "ಡಾಕ್ಟರಿಗೆ ಹೇಳಿದೀಯಾ?" ಎಂದೆ. "ಬೈತಾರೆ ಭಾವ" ಎಂದ.

ನಮ್ಮ ಸಾಗರ ತಾಲ್ಲೂಕಿನ ನರಸೀಪುರದಲ್ಲಿ ತೊಗಟೆ ಔಷಧಿಗೆ ಹೊರರಾಜ್ಯದವರೂ ಸಾಲು ನಿಂತದ್ದನ್ನು ಕಂಡವರು ನಾವು. ಅದನ್ನು ಮೌಢ್ಯವೆಂದು ಜರೆಯುವುದು ಸುಲಭ. ಮನೆಯಲ್ಲಿ ರೋಗಿಯಿದ್ದವನು ಜರೆಯಲಾರ.

ಆದರೆ ಇಮಾಟಿನಿಬ್ ಕರಗುವುದು ಯಕೃತ್ತಿನಲ್ಲಿ. ಕೆಲವು ಮೂಲಿಕೆಗಳು ಅದರ ಬಲ ಕುಗ್ಗಿಸುತ್ತವೆ, ಕೆಲವು ಮಿತಿಮೀರಿ ಏರಿಸುತ್ತವೆ. ಭಸ್ಮದಲ್ಲಿ ಪಾದರಸ, ಸೀಸ ಇರಬಹುದು. ರಕ್ತದ ವರದಿ ನೋಡುವ ವೈದ್ಯರ ಲೆಕ್ಕದಲ್ಲಿ ಇದೊಂದೂ ಇಲ್ಲ. ನಾಲೆಗೆ ಯಾರೋ ಕದ್ದು ಪೈಪು ಹಾಕಿದರೆ ಕೆಳಗಿನ ಗೇಜು ನೋಡಿ ನಾವು ತಪ್ಪು ಗೇಟು ತಿರುಗಿಸುತ್ತಿದ್ದೆವು, ಇದೂ ಹಾಗೆಯೇ.

ನಾಟಿ ಔಷಧಿಯೆಲ್ಲ ಸುಳ್ಳೆನ್ನುತ್ತಿಲ್ಲ. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನ ವೈದ್ಯರು ನಾಟಿ ಮದ್ದೊಂದನ್ನು ಪರೀಕ್ಷಿಸಿ, ಅದರ ಆರ್ಸೆನಿಕ್ಕನ್ನು ಅಳೆದು ಕೊಟ್ಟರು. ಇಂದು ಒಂದು ಬಗೆಯ ಲ್ಯುಕೇಮಿಯಾಕ್ಕೆ ಅದು ಆಸ್ಪತ್ರೆಯದೇ ಚಿಕಿತ್ಸೆ.

ಮಠಗಳ ಆರೋಗ್ಯ ಶಿಬಿರಗಳಲ್ಲಿ "ಬೇರೇನು ತಗೊಳ್ತಿದೀರಿ?" ಎಂದು ಬೈಯದೆ ಕೇಳುವ ರೂಢಿ ಬರಲಿ. ಭಾವಮೈದುನ ಮುಂದಿನ ತಪಾಸಣೆಗೆ ಬಾಟಲಿ, ಪೊಟ್ಟಣ ಎರಡನ್ನೂ ಒಯ್ಯಲು ಒಪ್ಪಿದ್ದಾನೆ. ಜೊತೆಗೆ ನಾನೂ ಹೊರಟಿದ್ದೇನೆ.