ಕುಟುಂಬದ ದಾದಿಗೆ ಉನ್ನತ ವಿದ್ಯೆ

ನಮ್ಮ ಶಾಲೆಯನ್ನು ಬಿಟ್ಟು ಹೊರಡುವ ಹುಡುಗಿಯರನ್ನು ನಾವು ಪ್ರತಿ ವರ್ಷವೂ, “ಮುಂದೆ ಏನಾಗುವಿರಿ?” ಎಂದು ಕೇಳುವುದುಂಟು. ದಾದಿಯಾಗುವೆನು ಎನ್ನುವವರು ಈಗಲೂ ಕೆಲವರಿದ್ದಾರೆ. ಆದರೆ ಅವರ ತಂದೆತಾಯಿಗಳು ಆ ಮಾತಿಗೆ ಜರ್ಮನಿಯನ್ನೋ ಲಂಡನನ್ನೋ ಸೇರಿಸಿಯೇ ಹೇಳುತ್ತಾರೆ. ಇದಕ್ಕಾಗಿ ಅವರನ್ನು ನಿಂದಿಸಲಾರೆವು, ಯಾಕಂದರೆ ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಕೆಲವು ವರ್ಷಗಳ ಹಿಂದೆ ಬಹಳ ಚೆನ್ನಾಗಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ದಾದಿಯ ವಿದ್ಯೆಯನ್ನು ಕಲಿಯುವೆನೆಂದಾಗ, “ಇಷ್ಟು ಬುದ್ಧಿಯುಳ್ಳವಳು ಡಾಕ್ಟರಳಾಗಬಾರದೇ?” ಎಂದು ಕೇಳಿದವರು ನಾವೇ.

ಅವಳು ನಮ್ಮ ಮಾತನ್ನು ಕೇಳಲಿಲ್ಲ. ನರ್ಸಿಂಗ್ ಪದವಿಯನ್ನು ಪಡೆದು, ಈಗ ಬೆಳ್ತಂಗಡಿ ತಾಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿದ್ದಾಳೆ. ಕಳೆದ ಮಳೆಗಾಲದಲ್ಲಿ ನಾವು ಅವಳನ್ನು ಕಾಣಹೋದಾಗ ಬೀಡಿ ಕಟ್ಟುವ ಒಬ್ಬ ಹೆಂಗಸು ಬಂದಿದ್ದಳು. ಗುಳಿಗೆ ತಪ್ಪದೆ ತಿಂದರೂ ಅವಳ ರಕ್ತದ ಒತ್ತಡ ಇಳಿದಿರಲಿಲ್ಲ. ಔಷಧವನ್ನು ಬದಲಿಸಬೇಕಾದರೆ ಡಾಕ್ಟರರ ಅಪ್ಪಣೆ ಬೇಕು. ದೂರವಾಣಿಯಲ್ಲಿ ಅವರನ್ನು ಕೇಳೋಣವೆಂದರೆ ಆ ಮಳೆಯಲ್ಲಿ ಸಂಪರ್ಕವೇ ಇಲ್ಲ. ಪೇಟೆಗೆ ಹೋದರೆ ಒಂದು ದಿನದ ಬೀಡಿ ನಷ್ಟವೆಂದು ಆ ಹೆಂಗಸು ಹಳೆಯ ಗುಳಿಗೆಯನ್ನೇ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದಳು. “ಟೀಚರ್, ಕಾಯಿಲೆ ಕಣ್ಣಿಗೆ ಕಾಣುತ್ತದೆ. ಚೀಟಿ ಬರೆಯುವಷ್ಟು ವಿದ್ಯೆಯೂ ನನಗೆ ಕೊಡಲಿಲ್ಲ, ಅಧಿಕಾರವೂ ಇಲ್ಲ” ಎಂದಳು ನಮ್ಮ ವಿದ್ಯಾರ್ಥಿನಿ.

ಆ ವಿದ್ಯೆಯೂ ಅಧಿಕಾರವೂ ಬೇರೆ ಕಡೆ ಇವೆ. ೧೯೬೫ನೇ ಇಸವಿಯಲ್ಲಿ ಅಮೇರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ, ವೈದ್ಯರು ಸಾಲದ ಸ್ಥಳಗಳ ಮಕ್ಕಳಿಗೋಸ್ಕರ ದಾದಿಯರಿಗೆ ಉನ್ನತ ಶಿಕ್ಷಣವನ್ನು ಆರಂಭಿಸಿದರು. ಅದರಿಂದ ಬೆಳೆದದ್ದೇ ಇಂದಿನ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಪದವಿ. ಪದವೀಧರ ದಾದಿಯು ಸ್ನಾತಕೋತ್ತರ ತರಗತಿಯಲ್ಲಿ ರೋಗವು ಶರೀರದಲ್ಲಿ ನಡೆಯುವ ಕ್ರಮ, ಅಡಿಯಿಂದ ಮುಡಿಯವರೆಗೆ ದೇಹಪರೀಕ್ಷೆ, ಔಷಧಶಾಸ್ತ್ರ, ಈ ಮೂರನ್ನೂ ಆಳವಾಗಿ ಕಲಿತು, ನೂರಾರು ತಾಸು ರೋಗಿಗಳ ಮಧ್ಯದಲ್ಲಿ ಅಭ್ಯಾಸಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಶಿಶುವಿನಿಂದ ಮುದುಕರವರೆಗೆ ಇಡೀ ಕುಟುಂಬವನ್ನು ನೋಡಿಕೊಳ್ಳುತ್ತಾಳೆ. ಅಲ್ಲಿಯ ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳಲ್ಲಿ ಅವಳು ತನ್ನ ಸ್ವಂತ ಅಧಿಕಾರದಿಂದಲೇ ಔಷಧದ ಚೀಟಿ ಬರೆಯಬಹುದು.

ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ೧೯೪೬ರಲ್ಲಿಯೇ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ದಾದಿಯರಿಗೆ ಪದವಿ ಶಿಕ್ಷಣ ಆರಂಭವಾಯಿತು. ಈಗ ಮೂಡಬಿದ್ರಿಯಲ್ಲಿಯೂ ನರ್ಸಿಂಗ್ ಕಾಲೇಜು ಇದೆ. ೨೦೧೭ರ ಸುಮಾರಿಗೆ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವೂ ನಮ್ಮ ದೇಶಕ್ಕೆ ಬಂತು. ಆದರೆ ಅದು ತೀವ್ರ ನಿಗಾ ಘಟಕಕ್ಕಾಗಿ. ಆ ಮೇಲೆ ಹೆರಿಗೆಯ ದಾದಿಯರಿಗೆ ೧೮ ತಿಂಗಳಿನದು ಬಂತು. ಎರಡೂ ಒಳ್ಳೆಯವೇ. ಕುಟುಂಬಕ್ಕೆ ಮಾತ್ರ ಯಾವುದೂ ಬರಲಿಲ್ಲ. ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಇದೆಯಲ್ಲಾ ಎನ್ನಬಹುದು, ಆ ಪದವಿಯವರು ಹೆಚ್ಚಾಗಿ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ ಹೊರತು ರೋಗಿಗಳ ಮನೆಗೆ ಬರುವುದಿಲ್ಲ. ಮನೆಮನೆಗೆ ಹತ್ತಿರವಿರುವವಳಿಗೆ, ೨೦೧೮ರಲ್ಲಿ ಆರಂಭವಾದ ಏರ್ಪಾಟಿನ ಮೇರೆಗೆ, ಸಿಕ್ಕಿದ್ದು ೬ ತಿಂಗಳ ಸರ್ಟಿಫಿಕೇಟು. ನಾವೂ ತರಬೇತಿ ಹೊಂದಿದ ಉಪಾಧ್ಯಾಯಿನಿಯರು. ೬ ತಿಂಗಳಲ್ಲಿ ಕರಿಹಲಗೆಯ ಮೇಲೆ ಬರೆಯಲು ಬರುತ್ತದೆ, ಮಗುವಿನ ಮುಖವನ್ನು ಓದಲು ಬರುವುದಿಲ್ಲ.

ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳು ಹಲವಿವೆ. ಇಷ್ಟು ಸಮೀಪವಿರುವ ನಮಗೆ ಏನು ಕೊರತೆ ಎಂದು ಕೇಳುವವರು ಚಾರ್ಮಾಡಿಯ ಬುಡದ ಒಂದು ಮನೆಯಿಂದ ಒಮ್ಮೆ ಹೊರಟು ನೋಡಲಿ. ಬಂಟ್ವಾಳದ ಹೊಳೆಬದಿಯಲ್ಲಿ ಮಕ್ಕಳೆಲ್ಲಾ ಮುಂಬಯಿಗೂ ಗಲ್ಫಿಗೂ ಹೋದ ಮನೆಗಳಿವೆ. ಅಲ್ಲಿ ಎಂಬತ್ತು ವರ್ಷದ ಗಂಡನಿಗೆ ಎಪ್ಪತ್ತೈದರ ಹೆಂಡತಿಯು ಇನ್ಸುಲಿನ್ ಚುಚ್ಚುತ್ತಾಳೆ. ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ನಿಂತು ವರ್ಷಗಳು ಎಷ್ಟೋ ಆದವು. ಹಾಸಿಗೆ ಹಿಡಿದ ಮಕ್ಕಳು ಮಾತ್ರ ಅಲ್ಲಿಯೇ ಇದ್ದಾರೆ. ಅವರಿಗೆ ಶಸ್ತ್ರಕ್ರಿಯೆ ಬೇಡ. ಬೆನ್ನಿನ ಹುಣ್ಣನ್ನೂ ಫಿಟ್ಸಿನ ಔಷಧದ ಪ್ರಮಾಣವನ್ನೂ ರಾತ್ರಿ ನಿದ್ರೆಯಿಲ್ಲದ ತಾಯಿಯನ್ನೂ ಒಂದೇ ಭೇಟಿಯಲ್ಲಿ ನೋಡಬಲ್ಲವಳು ಬೇಕು.

ಬಡವರಿಗೆ ಅರ್ಧ ವೈದ್ಯರನ್ನು ಕೊಡುವುದೇ, ಎಂಬ ಆಕ್ಷೇಪವುಂಟು. ಆ ಭಯವು ಸುಳ್ಳಲ್ಲ. ಹೀಗಿರುವುದರಿಂದಲೇ ನಾವು ಅವಳ ಶಿಕ್ಷಣವನ್ನು ಗಿಡ್ಡಗೊಳಿಸಬಾರದೆಂದು ಹೇಳುತ್ತೇವೆ. ತನ್ನ ಕೈಯಿಂದ ಆಗದ ರೋಗ ಯಾವುದೆಂದು ಬೇಗನೆ ತಿಳಿದು ಡಾಕ್ಟರರ ಬಳಿಗೆ ಕಳುಹಿಸುವುದಕ್ಕೆ ಕಡಿಮೆಯಲ್ಲ, ಹೆಚ್ಚು ವಿದ್ಯೆ ಬೇಕು.

ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಎರಡು ವರ್ಷದ ಇಂಥ ತರಗತಿಯನ್ನು ತೆರೆಯಲಿ; ಅದರಲ್ಲಿ ಒಂದು ವರ್ಷವನ್ನು ವಿದ್ಯಾರ್ಥಿನಿಯರು ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿಗಳಂಥ ತಾಲೂಕುಗಳ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ವೈದ್ಯರ ಕೈಕೆಳಗೆ ಕಳೆಯಲಿ. ಕಲಿತು ಮುಗಿಸಿದವಳಿಗೆ ಗೊತ್ತುಪಡಿಸಿದ ಔಷಧಗಳ ಚೀಟಿ ಬರೆಯುವ ಹಕ್ಕನ್ನೂ ತಕ್ಕ ಸಂಬಳವನ್ನೂ ಕಾನೂನಿನಿಂದ ಕೊಡಲಿ. ಹಕ್ಕು ಕೊಡದೆ ಬರೇ ಪದವಿ ಕೊಟ್ಟರೆ ಅವಳೂ ಪಾಠ ಹೇಳುವುದಕ್ಕೇ ಹೋದಾಳು.

ನಮ್ಮ ಆ ವಿದ್ಯಾರ್ಥಿನಿಗೆ ಇನ್ನೂ ಕಲಿಯುವ ಮನಸ್ಸಿದೆ. ಇಲ್ಲಿ ಅವಳು ಬಯಸುವ ತರಗತಿ ಇಲ್ಲವಾದ್ದರಿಂದ ಅಮೇರಿಕಕ್ಕೆ ಅರ್ಜಿ ಹಾಕುವುದಕ್ಕಾಗಿ ನಮ್ಮಿಂದ ಶಿಫಾರಸು ಪತ್ರವನ್ನು ಕೇಳಿದಳು. ಒಮ್ಮೆ ತಪ್ಪು ಬುದ್ಧಿ ಹೇಳಿದವರು ಎರಡನೆಯ ಸಲ ಅಡ್ಡಿ ಬರುವುದು ನ್ಯಾಯವಲ್ಲವೆಂದು ಪತ್ರವನ್ನು ಬರೆದುಕೊಟ್ಟಿದ್ದೇವೆ.