ಉಪ್ಪುನೀರಿನ ಟ್ಯಾಂಕ್, ಭಾಗ 3: ಮೊದಲು ನೀರು, ಆಮೇಲೆ ಮೀನು

"ಒಂದೇ ದಿನದಲ್ಲಿ ರೀಫ್ ಟ್ಯಾಂಕ್ ರೆಡಿ!" ಅನ್ನೋ ರೀಲ್‌ಗೆ ಲೈಕ್ ಒತ್ತೋ ಮುಂಚೆ ಒಂದ್ ಮಾತು ಕೇಳಿ: ಮುಂದಿನ ವಾರ ಆ ಮೀನು ಬದುಕಿತ್ತಾ? ಆ ರೀಲ್ ಯಾರೂ ಹಾಕಲ್ಲ ಕಣ್ರೋ.

ಮೀನಿನ ಗಲೀಜಿಂದ ಅಮೋನಿಯಾ ಬರುತ್ತೆ. ಅದು ವಿಷ. ಅದನ್ನ ನೈಟ್ರೈಟ್, ಆಮೇಲೆ ಅಷ್ಟು ಅಪಾಯ ಇಲ್ಲದ ನೈಟ್ರೇಟ್ ಮಾಡೋದು ಕಲ್ಲು, ಫಿಲ್ಟರ್ ಮೇಲೆ ಬೆಳೆಯೋ ಬ್ಯಾಕ್ಟೀರಿಯಾ. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಖಾಲಿ ಟ್ಯಾಂಕ್‌ಗೆ ಚಿಟಿಕೆ ಮೀನಿನ ಆಹಾರ ಹಾಕ್ತಾ ಇರಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಇಳಿದು, ಸೊನ್ನೆಗೆ ಬರೋವರೆಗೂ ಮೀನು ಬೇಡ.

"ಸಣ್ಣ ಟ್ಯಾಂಕ್ ಸುಲಭ" ಅನ್ನೋದೂ ಸುಳ್ಳು. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ಸಮುದ್ರದ ಹಾಗೆ ಲೀಟರ್‌ಗೆ ಸುಮಾರು 35 ಗ್ರಾಂ ಇರ್ಬೇಕಾದ ಉಪ್ಪು, ಸಣ್ಣ ಟ್ಯಾಂಕ್‌ನಲ್ಲಿ ಬೇಗ ಏರಿಬಿಡುತ್ತೆ. ಕಮ್ಮಿಯಾದ ಜಾಗಕ್ಕೆ ಆರ್‌ಓ ನೀರು ಹಾಕಿ, ಉಪ್ಪುನೀರಲ್ಲ.

"ನೆಮೋ ಜೊತೆ ಡೋರಿನೂ ಬೇಕು" ಅನ್ನೋರಿಗೆ: ಡೋರಿ ಅಂದ್ರೆ ಬ್ಲೂ ಟ್ಯಾಂಗ್. ಸುಮಾರು 30 ಸೆಂ.ಮೀ. ಬೆಳೆಯುತ್ತೆ. 2 ಅಡಿ ಟ್ಯಾಂಕ್ ಅದಕ್ಕೆ ಲಾಕಪ್! ಟ್ಯಾಂಕ್‌ನಲ್ಲೇ ಹುಟ್ಟಿ ಬೆಳೆದ ಕ್ಲೌನ್‌ಫಿಶ್ ಜೋಡಿ ಇದ್ಯಾ ಅಂತ ಕೇಳಿ ತಗೊಳ್ಳಿ, ಸಾಕು. ಅಂದಕ್ಕೆ ಅಂತ ಕಡಲತೀರದಿಂದ ಹವಳ ಎತ್ಕೊಂಡು ಬರ್ಬೇಡಿ. ರೀಫ್ ಕಟ್ಟೋ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

"ತಿಂಗಳುಗಟ್ಟಲೆ ಖಾಲಿ ಟ್ಯಾಂಕ್ ನೋಡೋದು ಬೋರ್" ಅಂತೀರಾ? ಹಾಗಾದ್ರೆ ನಿಮಗೆ ಬೇಕಿರೋದು ಮೀನಲ್ಲ, ಶೋಪೀಸ್. ಅದರ ಅಂಗಡಿ ಬೇರೆ ಇದೆ.

ಟ್ಯಾಂಕ್ ತಗೊಳ್ಳೋಕೆ ಹೊರಟಿರೋ ಫ್ರೆಂಡ್‌ನ ಟ್ಯಾಗ್ ಮಾಡಿ, ಇವತ್ತೇ. ಭಾಗ 4ರಲ್ಲಿ: ಉಪ್ಪು ಕಲಸೋದು ಹೇಗೆ.