ಮಗಳು ಭೂಗೋಳ ಓದ್ತೀನಿ ಅಂದ್ರೆ...

ಬೆಳಿಗ್ಗೆ ರೊಟ್ಟಿ ಬಡಿಯೋ ಹೊತ್ತಿಗೆ ಫೋನ್ ಬಂದರೆ ಯಾರಿಗೆ ತಾನೇ ಸಿಟ್ಟು ಬರೋದಿಲ್ಲ ಹೇಳಿ? ಹೆಂಚಿನ ಮೇಲೆ ರೊಟ್ಟಿ, ಕೈತುಂಬ ಹಿಟ್ಟು. ಆದರೂ ಎತ್ತಿದೆ. ತಿಕೋಟಾದಿಂದ ತಂಗಿ.

“ಅಕ್ಕಾ, ನೀನರ ಅಕಿಗಿ ನಾಕು ಬುದ್ಧಿಮಾತು ಹೇಳ. ಭೂಗೋಳ ತಗೊಂಡು ಬಿ.ಎ. ಮಾಡ್ತೀನಿ ಅಂತ ಹಟಾ ಹಿಡದು ಕುಂತಾಳ.”

ಅಷ್ಟರಲ್ಲಿ ಅವಳ ಗಂಡ ಫೋನ್ ಇಸಕೊಂಡ. “ಅಕ್ಕಾರ, ನಕಾಶಿ ತಗಿಯೋದು ಕಲ್ತು ಅಕಿಗಿ ಏನ್ ಆಗಬೇಕಾಗೇದ್ರಿ? ಮೊಬೈಲ್‌ನಾಗ ಬಟನ್ ಒತ್ತಿದ್ರ ದಾರಿ ತೋರಸ್ತದ. ಬಿ.ಕಾಂ. ಮಾಡಿದ್ರ ಎಲ್ಲ್ಯರ ಒಂದು ಲೆಕ್ಕ ಬರಿಯೋ ಕೆಲಸರ ಸಿಗತದ.”

ಸಂಜೆ ಮಾತಾಡ್ತೀನಿ ಅಂತ ಹೇಳಿ ಇಟ್ಟೆ. ರೊಟ್ಟಿ ಕರಕಾಗಿತ್ತು.

ಇದು ನಮ್ಮ ತಂಗಿಯ ಮನೆಯ ಕಥೆ ಮಾತ್ರ ಅಲ್ಲ. ಪಿಯುಸಿ ರಿಸಲ್ಟ್ ಬಂದ ಮೇಲೆ ಎಷ್ಟು ಮನೆಗಳಲ್ಲಿ ಇದೇ ಮಾತು! ಸೈನ್ಸ್ ಸಿಕ್ಕರೆ ಸೈನ್ಸ್, ಇಲ್ಲಾಂದ್ರೆ ಕಾಮರ್ಸ್, ಅದೂ ಇಲ್ಲಾಂದ್ರೆ ಆರ್ಟ್ಸ್. ಆರ್ಟ್ಸ್‌ನಲ್ಲೂ ಭೂಗೋಳ ಅಂದರೆ ಮೂಗು ಮುರಿಯೋದು. ಅದನ್ನು ಇಷ್ಟಪಟ್ಟು, ಕೇಳಿ ತೆಗೆದುಕೊಳ್ಳುವ ಹುಡುಗಿ ಇದ್ದಾಳೆ ಅಂದರೆ ನಮಗೆ ನಂಬಿಕೆಯೇ ಬರೋದಿಲ್ಲ.

ಸಂಜೆ ಹುಡುಗಿಯ ಜೊತೆಗೇ ಮಾತಾಡಿದೆ. ಅವಳು ಹೇಳಿದ್ದು ಇಷ್ಟೇ. “ದೊಡ್ಡವ್ವಾ, ನಮ್ಮ ತ್ವಾಟದಾಗ ಅಪ್ಪ ನಾಕು ಬೋರ್ ಹೊಡಸ್ಯಾನ. ಎರಡಕ್ಕ ನೀರು ಬಿತ್ತು, ಎರಡು ಒಣಾ ಹೋದ್ವು. ಯಾಕ ಅಂದ್ರ ಅಪ್ಪಗೂ ಗೊತ್ತಿಲ್ಲ, ತೆಂಗಿನಕಾಯಿ ಹಿಡದು ಪಾಯಿಂಟ್ ತೋರಿಸಿದವ್ರಿಗೂ ಗೊತ್ತಿಲ್ಲ. ನನಗ ಅದು ಗೊತ್ತಾಗಬೇಕು.”

ಸುಳ್ಳು ಯಾಕೆ ಹೇಳಲಿ, ನನಗೆ ಬಾಯಿ ಕಟ್ಟಿದಂತಾಯಿತು. ಬಿ.ಎ. ಮಾಡುವಾಗ ನನಗೂ ಭೂಗೋಳ ಇತ್ತು. ಮೂರು ವರ್ಷದಲ್ಲಿ ಇಂಥ ಒಂದು ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ.

ರಾಜಧಾನಿಗಳ ಪಟ್ಟಿ ಅಲ್ಲ

ನಮ್ಮ ತಲೆಯಲ್ಲಿರುವ ಭೂಗೋಳ ಏಳನೇ ಇಯತ್ತೆಯದು. ದೇಶ, ರಾಜಧಾನಿ, ನದಿ, ಬೆಳೆ ಎಲ್ಲಾ ಬಾಯಿಪಾಠ. ಡಿಗ್ರಿಯ ಭೂಗೋಳ ಹಾಗಲ್ಲ. ಅಲ್ಲಿ ಮುಖ್ಯ ಪ್ರಶ್ನೆ, “ಇದು ಇಲ್ಲೇ ಯಾಕಿದೆ? ಆಚೆ ಊರಲ್ಲಿ ಯಾಕಿಲ್ಲ?” ಅನ್ನೋದು. ಬಂಡೆ, ಮಣ್ಣು, ಮಳೆ ಒಂದು ಕಡೆ. ಜನಸಂಖ್ಯೆ, ವಲಸೆ, ಬೇಸಾಯ, ಪೇಟೆ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸುವ ಕೆಲಸ ನಕಾಶೆಯದು.

ಈಗ ನಿಮ್ಮ ಹೆಂಚಿನ ಮೇಲಿನ ಬಿಳಿಜೋಳದ ರೊಟ್ಟಿಯನ್ನೇ ನೋಡಿ. ನಮ್ಮದು ಮಳೆ ನೆರಳಿನ ನಾಡು. ಪಶ್ಚಿಮ ಘಟ್ಟ ಮೋಡಗಳ ನೀರನ್ನೆಲ್ಲ ಅಲ್ಲೇ ಹಿಂಡಿಕೊಂಡು ಮಿಕ್ಕಿದ್ದನ್ನು ನಮಗೆ ಕಳಿಸುತ್ತದೆ. ವಾಡಿಕೆ ಮಳೆ ವರ್ಷಕ್ಕೆ 600 ಮಿ.ಮೀ. ಮುಟ್ಟೋದಿಲ್ಲ. ಆದರೂ ಹಿಂಗಾರಿ ಜೋಳ ಚಳಿಗಾಲದಲ್ಲಿ ಹೆಚ್ಚುಕಡಿಮೆ ಮಳೆಯೇ ಇಲ್ಲದೆ ಬೆಳೆಯುತ್ತದೆ. ಹೇಗೆ? ಎರಿಮಣ್ಣು ಮಳೆಗಾಲದ ತೇವವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಬೇರಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ನಮ್ಮ ಹಿರಿಯರು ಸುಮ್ಮನೆ ಅಂದರೇ? ಅವರು ಗಾದೆಯಲ್ಲಿ ಹೇಳಿದ್ದನ್ನು ಭೂಗೋಳದ ವಿದ್ಯಾರ್ಥಿನಿ ನಕಾಶೆಯಲ್ಲಿ ತೋರಿಸುತ್ತಾಳೆ.

ಒಣದ್ರಾಕ್ಷಿಯೂ ಅಷ್ಟೇ. ತಿಕೋಟಾ ಸುತ್ತ ಶೆಡ್‌ಗಳಲ್ಲಿ ಸಾಲುಸಾಲಾಗಿ ದ್ರಾಕ್ಷಿ ಒಣಗೋದು ಯಾಕೆ, ಮಲೆನಾಡಿನಲ್ಲಿ ಯಾಕಿಲ್ಲ? ಫೆಬ್ರುವರಿ–ಮಾರ್ಚ್‌ನ ನಮ್ಮ ಒಣಗಾಳಿಯೇ ಕಾರಣ. ಮಳೆ ಇಲ್ಲ ಅಂತ ನಾವು ಬೈಯುವ ಇದೇ ಹವೆ ಒಣದ್ರಾಕ್ಷಿಗೆ ವರ. ಆ ದಿನಗಳಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ಮಾತ್ರ ವರ್ಷದ ದುಡಿಮೆಯೇ ಕಪ್ಪಾಗುತ್ತದೆ. ಇದು ನಮ್ಮ ಹುಡುಗಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ, ಮನೆಯಲ್ಲೇ ನೋಡಿದ್ದು. ಅದಕ್ಕೇ ಅವಳಿಗೆ ಆ ವಿಷಯ ಬೇಕು.

ಎಪ್ಪತ್ತು ಮೀಟರ್‌ನ ಲೆಕ್ಕ

ನಕಾಶೆಯಲ್ಲಿ ಕಂದು ಬಣ್ಣದ ಸುತ್ತುಸುತ್ತು ಗೆರೆಗಳಿರುತ್ತವಲ್ಲ, ಅವಕ್ಕೆ ಸಮೋನ್ನತಿ ರೇಖೆ ಅಂತಾರೆ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಓದುವಾಗ ಇದು ನನಗೆ ಬರೀ ಚಿತ್ರ ಬಿಡಿಸುವ ಕೆಲಸ ಅನಿಸಿತ್ತು. ಅರ್ಥ ಆಗಿದ್ದು ಎಷ್ಟೋ ವರ್ಷದ ಮೇಲೆ.

ಆಲಮಟ್ಟಿ ಜಲಾಶಯ ಭರ್ತಿಯಾದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ವಿಜಯಪುರ ಇರೋದು ಸುಮಾರು 590 ಮೀಟರ್ ಎತ್ತರದಲ್ಲಿ. ನಡುವೆ ಸುಮಾರು 70 ಮೀಟರ್, ನಮ್ಮ ಗೋಳಗುಮ್ಮಟಕ್ಕಿಂತ ಎತ್ತರ! ಕೃಷ್ಣೆ ನಮ್ಮ ಜಿಲ್ಲೆಯಲ್ಲೇ ಹರಿದರೂ ನಾವು ಇಷ್ಟು ವರ್ಷ ಕೊಡ ಹಿಡಿದು ನಿಂತದ್ದು ಯಾಕೆ ಅನ್ನೋದಕ್ಕೆ ಉತ್ತರ ಆ ಗೆರೆಗಳಲ್ಲೇ ಇದೆ. ನೀರು ತಾನಾಗಿ ಏರೋದಿಲ್ಲ, ಎತ್ತಬೇಕು. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯ ಹೆಸರಿನಲ್ಲಿರುವ ‘ಏತ’ ಅಂದರೆ ಅದೇ.

ಆದಿಲ್‌ಶಾಹಿಗಳಿಗೂ ಈ ಲೆಕ್ಕ ಗೊತ್ತಿತ್ತು. ಊರಿನ ಪಶ್ಚಿಮಕ್ಕಿರುವ ತೊರವಿ ಎತ್ತರದ ಜಾಗ. ಅಲ್ಲಿಂದ ನೆಲದೊಳಗೇ ಸುರಂಗ ಕೊರೆದು, ಇಳಿಜಾರಿನ ಮೇಲೆಯೇ ನೀರನ್ನು ನಗರಕ್ಕೆ ಹರಿಸಿದರು. ಪಂಪಿಲ್ಲ, ಕರೆಂಟಿಲ್ಲ. ಅದೇ ಸುರಂಗ ಬಾವಡಿ. ಇವತ್ತು ಅದೇ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. 2003ರಲ್ಲಿ ಶುರುವಾದ, ರಾಜ್ಯದ ಮೊದಲ ಮಹಿಳಾ ವಿ.ವಿ. ಅದು. ಹೆಣ್ಣುಮಕ್ಕಳ ಓದು ಮತ್ತು ನೆಲದ ಓದು ಎರಡೂ ಒಂದೇ ಊರಲ್ಲಿ! ನಾವು ಅತ್ತ ಕಡೆ ಹಾಯುವಾಗ ತಿರುಗಿಯಾದರೂ ನೋಡ್ತೀವಾ?

ನಾನು ಮಾಡಿದ ತಪ್ಪು

ಈಗ ನನ್ನ ಮಾತು. ಊರಿಗೆ ಆಗಿನ್ನೂ ಬಿಜಾಪುರ ಅಂತಲೇ ಹೆಸರಿತ್ತು, ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ನಾನು ಕೊನೆಯ ವರ್ಷದಲ್ಲಿದ್ದೆ. ಎರಡು ದಿನದ ಪ್ರವಾಸ, ಜೊತೆಗೆ ಒಂದು ಹಳ್ಳಿಯ ಸರ್ವೆ. ಮನೆಯಲ್ಲಿ ಅಪ್ಪ “ಬ್ಯಾಡ” ಅಂದರು. “ಬಿಸಲಾಗ ಸರಪಳಿ ಹಿಡದು ಹೊಲಾ ತಿರಗಾಡೂದು ಹೆಣ್ಣಮಕ್ಕಳ ಕೆಲಸೇನು? ಮೊದಲ ವರಾ ನೋಡಾಕತ್ತೀವಿ, ಮೈ ಕರ್ರಗ ಆಗ್ತದ.” ಅವ್ವ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ.

ಗೆಳತಿಯ ಜರ್ನಲ್ ತಂದು ರಾತ್ರಿಯೆಲ್ಲ ಕೂತು ಕಾಪಿ ಮಾಡಿದೆ. ಅವಳು ಅಳೆದ ಹೊಲ, ಅವಳು ಮಾತಾಡಿಸಿದ ಮನೆಗಳು, ನನ್ನ ಅಕ್ಷರ. ಸಹಿಯೂ ಬಿತ್ತು, ಅಂಕವೂ ಬಂತು. ಆದರೆ ಆ ಹಳ್ಳಿಯ ಬಾವಿ ಎಷ್ಟು ಆಳ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಡಿಗ್ರಿ ಸರ್ಟಿಫಿಕೇಟ್ ಟ್ರಂಕಿನಲ್ಲಿದೆ. ಅದರಲ್ಲಿ ಅರ್ಧದಷ್ಟು ನನ್ನದಲ್ಲ ಅನ್ನೋದು ಮಾತ್ರ ಒಳಗೊಳಗೇ ಕೊರೆಯುತ್ತದೆ.

ನೋಡಿ, ನಾವು ಹೆಣ್ಣುಮಕ್ಕಳಿಗೆ ಓದೋದಕ್ಕೆ ಬಿಡ್ತೀವಿ. ಹೊರಗೆ ಹೋಗಿ ನೋಡೋದಕ್ಕೆ ಬಿಡೋದಿಲ್ಲ. ಬೇರೆ ವಿಷಯಕ್ಕೆ ಇದು ನಡೆದೀತು. ಭೂಗೋಳಕ್ಕೆ ನಡೆಯೋದಿಲ್ಲ. ಒಲೆ ಹಚ್ಚದೆ ಅಡುಗೆ ಕಲಿ ಅಂದ ಹಾಗೆ ಅದು.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. ಅಮೆರಿಕದ ಮೇರಿ ಥಾರ್ಪ್ ಅನ್ನುವ ಮಹಿಳೆ ಸಾಗರದ ತಳದ ನಕಾಶೆ ಬರೆದವಳು. ಆಗ ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ಗಂಡಸರು ಅಳೆದು ತಂದ ಆಳದ ಅಂಕಿಗಳನ್ನು ದಡದಲ್ಲೇ ಕೂತು ಗೆರೆಯಾಗಿಸಿದಳು. 1950ರ ದಶಕದ ಆರಂಭದಲ್ಲಿ, ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಸಾಲಿನಲ್ಲಿ ಉದ್ದಕ್ಕೆ ಒಂದು ಸೀಳುಕಣಿವೆ ಇದೆ ಅಂತ ತೋರಿಸಿದಾಗ, ಜೊತೆಗೆ ಕೆಲಸ ಮಾಡುವವನೇ ಮೊದಲು ಅದನ್ನು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದನಂತೆ! ಕೊನೆಗೆ ಅವಳೇ ಸರಿ ಅಂತಾಯಿತು. ಖಂಡಗಳು ಸರಿಯುತ್ತವೆ ಅನ್ನೋದನ್ನು ಜಗತ್ತು ಒಪ್ಪೋದಕ್ಕೆ ಆ ಗೆರೆಗಳೂ ನೆರವಾದವು. ಅವಳು ಮೊದಲ ಸಲ ಸಂಶೋಧನೆಗೆಂದು ಹಡಗು ಹತ್ತಿದ್ದು 1968ರಲ್ಲಿ. ಆಗ ಅವಳಿಗೆ ನಲವತ್ತೆಂಟರ ಹತ್ತಿರ ವಯಸ್ಸು. ನಮ್ಮ ಮಗಳೂ ಅಷ್ಟು ವರ್ಷ ಕಾಯಬೇಕೇನು?

ಕೆಲಸ ಸಿಗುತ್ತಾ?

ತಂಗಿಯ ಗಂಡನ ಪ್ರಶ್ನೆ ತಪ್ಪೇನಲ್ಲ. ದ್ರಾಕ್ಷಿ ಬೆಳೆದವರಿಗೆ ಸಾಲದ ಭಾರ ಗೊತ್ತು. ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಬರೀ ಭೂಗೋಳದ ಬಿ.ಎ. ಮುಗಿದ ಮರುದಿನವೇ ಯಾರೂ ಕರೆದು ಕೆಲಸ ಕೊಡೋದಿಲ್ಲ. ಬೋರ್‌ವೆಲ್ ಪಾಯಿಂಟ್ ಹೇಳುವಷ್ಟು ಅಂತರ್ಜಲದ ವಿದ್ಯೆ ಬೇಕಿದ್ದರೆ ಭೂವಿಜ್ಞಾನ ಅಂತ ಬೇರೆಯೇ ವಿಷಯವಿದೆ, ಅದಕ್ಕೆ ಸೈನ್ಸ್ ಬೇಕು. ನಮ್ಮ ಗಟ್ಟಿ ಕರಿಬಂಡೆಯಲ್ಲಿ ನೀರು ಬಿರುಕಲ್ಲಿ, ಪೊಳ್ಳಲ್ಲಿ, ಪುಡಿಯಾದ ಪದರಲ್ಲಿ ಮಾತ್ರ ನಿಲ್ಲುತ್ತದೆ, ಹೀಗಾಗಿ ಒಂದು ಬೋರಿಗೆ ಬಿದ್ದ ನೀರು ಪಕ್ಕದ್ದಕ್ಕೆ ಬೀಳಲಿಕ್ಕಿಲ್ಲ ಅನ್ನುವಷ್ಟು ಭೂಗೋಳವೂ ಕಲಿಸುತ್ತದೆ.

ಮುಂದಿನ ದಾರಿಗಳು ಮಾತ್ರ ಇವೆ. ಬಿ.ಇಡಿ. ಮಾಡಿದರೆ ಸಮಾಜ ವಿಜ್ಞಾನದ ಶಿಕ್ಷಕಿ ಆಗುವ ದಾರಿ. ಎಂ.ಎ. ಮಾಡಿದರೆ ಉಪನ್ಯಾಸಕಿ. ಕೆಪಿಎಸ್‌ಸಿ, ಯುಪಿಎಸ್‌ಸಿ ಪರೀಕ್ಷೆಗಳ ಸಾಮಾನ್ಯ ಅಧ್ಯಯನದಲ್ಲಿ ಭೂಗೋಳ ಇದ್ದೇ ಇದೆ. ಇನ್ನೊಂದು ಜಿಐಎಸ್. ಅಂದರೆ ಕಂಪ್ಯೂಟರ್‌ನಲ್ಲಿ ನಕಾಶೆಯ ಮೇಲೆ ಬೆಳೆ, ನೀರು, ರಸ್ತೆ, ಮನೆಗಳ ಮಾಹಿತಿ ಪದರ ಪದರವಾಗಿ ಕೂಡಿಸುವ ವಿದ್ಯೆ. ನಮ್ಮಳಿಯಂದಿರು ಹೇಳಿದ ಮೊಬೈಲ್‌ನ ನಕಾಶೆಯನ್ನೂ ಯಾರೋ ಕೂತು ಮಾಡಿರುತ್ತಾರಲ್ಲ! ಆ ಯಾರೋ ನಮ್ಮ ಮಗಳು ಯಾಕಾಗಬಾರದು? ಆದರೆ ಇದಕ್ಕೆ ಕಂಪ್ಯೂಟರ್ ಮತ್ತು ತಕ್ಕಮಟ್ಟಿಗೆ ಇಂಗ್ಲಿಷ್ ಬೇಕೇ ಬೇಕು. ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿಸಿ.

ಸೇರಿಸುವ ಮುಂಚೆ ಕೇಳಿ

ಕಾಲೇಜಿಗೆ ಹೋದಾಗ ಫೀ ಎಷ್ಟು ಅಂತ ಮಾತ್ರ ಕೇಳಿ ಬರಬೇಡಿ. ಭೂಗೋಳಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ? ಪ್ರಾಕ್ಟಿಕಲ್ ರೂಮ್ ತೋರಿಸಿ ಅನ್ನಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟ್ ಇವೆಯಾ? ಹಳೆಯ ಸರಣಿಯಲ್ಲಿ ನಮ್ಮ ಭಾಗದ ಶೀಟ್‌ಗಳು 47 ಪಿ ಅನ್ನುವ ಸಂಖ್ಯೆಯಲ್ಲಿ ಬರುತ್ತವೆ. ಅದನ್ನೇ ಹೆಸರು ಹಿಡಿದು ಕೇಳಿ, ನಿಮ್ಮನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ! ಕಂಪ್ಯೂಟರ್‌ಗಳು ನಡೀತಾವಾ, ಧೂಳು ತಿಂತಾವಾ ಅಂತಲೂ ನೋಡಿ. ಭೂಗೋಳದ ಜೊತೆ ಬೇರೆ ಯಾವ ವಿಷಯಗಳು ಸಿಗುತ್ತವೆ, ಅವು ಮುಂದೆ ಬಿ.ಇಡಿ.ಗೆ, ಶಿಕ್ಷಕರ ನೇಮಕಾತಿಗೆ ಹೊಂದುತ್ತವೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಹಾಗಾಗಿ ನಾಲ್ಕು ವರ್ಷ ಯಾರು ಕಾಯಬೇಕು ಅನ್ನುವ ಚಿಂತೆ ಬೇಡ.

ಓಡಾಟದ ಖರ್ಚು ಅಂತೀರಾ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಹುಡುಗಿಯರು ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ದುಡ್ಡಿಲ್ಲದೆ ಬರಬಹುದು.

ಇನ್ನು ಪ್ರವಾಸ, ಸರ್ವೆ. ಭಯ ಸಹಜ, ನಾನೂ ತಾಯಿಯೇ. ಜೊತೆಗೆ ಮೇಡಂ ಯಾರು ಬರ್ತಾರೆ, ಎಲ್ಲಿ ಇಳಿಸ್ತಾರೆ, ಯಾವ ಬಸ್ಸು, ಯಾರ ಫೋನ್ ನಂಬರ್ ಎಲ್ಲಾ ಕೇಳಿ. ಕೇಳೋದು ನಿಮ್ಮ ಹಕ್ಕು. ಆದರೆ ಎಲ್ಲಾ ಕೇಳಿದ ಮೇಲೆ ಕಳಿಸಿ. ಕಳಿಸದೇ ಇರೋದಕ್ಕೆ ನೆಪ ಹುಡುಕುವ ಸಲುವಾಗಿ ಕೇಳಬೇಡಿ. ಮೈಬಣ್ಣದ ಮಾತಂತೂ ಎತ್ತಲೇಬೇಡಿ.

ತಂಗಿಗೂ ಇದನ್ನೇ ಹೇಳಿದೆ. “ಸೇರಸ್ತೀವಿ, ಆದ್ರ ಟೂರಿಗಿ ಕಳಸೂದಿಲ್ಲ” ಅಂದಳು. “ಹಂಗಾದ್ರ ಸೇರಿಸೋದೇ ಬ್ಯಾಡ” ಅಂತ ನಾನೂ ಖಡಕ್ಕಾಗಿ ಅಂದೆ. ಎರಡು ದಿನ ಫೋನ್ ಇಲ್ಲ. ಮೂರನೇ ದಿನ ಅವಳೇ ಮಾಡಿದಳು. ಹುಡುಗಿಗೆ ಅಡ್ಮಿಷನ್ ಆಗಿತ್ತು.

ಹೋದ ತಿಂಗಳು ನಾವು ಮೂವರೂ ಬಬಲೇಶ್ವರ ದಾಟಿ ಮಮದಾಪುರದ ಕೆರೆ ನೋಡಲು ಹೋಗಿದ್ದೆವು. ಮುಹಮ್ಮದ್ ಆದಿಲ್‌ಶಾಹನ ಕಾಲದ ಕೆರೆ ಅದು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಾ ಕೂತಿದ್ದಾಗ ತಂಗಿ ತಾನಾಗಿಯೇ ಕೇಳಿದಳು. “ಏ, ಇದಕ್ಕ ನೀರು ಯಾವ ಕಡಿಂದ ಬರ್ತದ?” ಹುಡುಗಿ ಎದ್ದು ನಿಂತು ಕೈಮಾಡಿ ಇಳಿಜಾರು ತೋರಿಸತೊಡಗಿದಳು. ತಾಯಿ ಬಿಸಿಲಿಗೆ ಸೆರಗು ಅಡ್ಡ ಹಿಡಿದು ಮಗಳ ಕೈ ಹೋದ ಕಡೆಯೆಲ್ಲ ನೋಡುತ್ತಿದ್ದಳು. ನಾನೂ ನೋಡಿದೆ, ಇಷ್ಟು ವರ್ಷ ತಡವಾಗಿ.

ನಿಮ್ಮ ಮನೆಯಲ್ಲೂ ಇಂಥ ಹುಡುಗಿ ಇದ್ದರೆ ಅವಳ ಜೊತೆ ಒಂದು ಸಲ ಹೊರಗೆ ಹೋಗಿ ಬನ್ನಿ. ಆಮೇಲೆ ನಿರ್ಧಾರ ಮಾಡಿ.